ಬಸಿದ ಮೇಲೆ ಉಳಿದ ತರಕಾರಿ: ತಟ್ಟೆಗೆಷ್ಟು, ಕೊಟ್ಟಿಗೆಗೆಷ್ಟು, ತಿಪ್ಪೆಗೆಷ್ಟು?

ಎರಡನೇ ದರ್ಜೆ ತರಕಾರಿ ಬಗ್ಗೆ ಹಿಂದೊಮ್ಮೆ ಬರೆದಾಗ, ಮಾರುಕಟ್ಟೆಗೆ ಹೋಗದ ಮಾಲನ್ನು ಕುದಿಸಿ ಸೂಪಿನ ಸ್ಟಾಕ್ ಮಾಡಿಟ್ಟುಕೊಳ್ಳಿ ಅಂತ ಒಂದು ಸಾಲು ಸೇರಿಸಿದ್ದೆ. ಆ ಸಾಲು ಓದಿದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಸ್ಟಾಕ್ ಚೆನ್ನಾಗೇ ಬಂತು. ಸೋಸಿದ ಮೇಲೆ ಒಂದು ಬಾಂಡ್ಲಿ ತುಂಬ ಬೆಂದ ತರಕಾರಿ ಉಳೀತು. ಅದ್ರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಎಲ್ಲಾ ಇದೆ. ಹಸಕ್ಕೆ ಹಾಕ್ಲಾ?" ಅಂತ ಕೇಳಿದ. ಹಾಕಬೇಡ ಅಂದೆ. ಯಾಕೆ ಅಂತ ವಿವರಿಸೋಕೆ ಅರ್ಧ ಗಂಟೆ ಹಿಡೀತು. ಅದೇ ಅರ್ಧ ಗಂಟೆಯ ಮಾತನ್ನು ಸ್ವಲ್ಪ ವಿಸ್ತರಿಸಿ ಈ ವಾರ ಇಲ್ಲಿ ಬರೀತಿದ್ದೀನಿ.

ಸ್ಟಾಕ್ ಅನ್ನೋ ಪದ ಹೊಸದಾಗಿ ಕೇಳಿಸಬಹುದು. ತರಕಾರಿ ಬೇಯಿಸಿ, ಆ ನೀರನ್ನು ಬಸಿದು, ಅದರಿಂದ ಒಂದು ಅಡುಗೆ, ಉಳಿದ ತರಕಾರಿಯಿಂದ ಇನ್ನೊಂದು ಅಡುಗೆ ಮಾಡೋದು ನಮಗೆ ಹೊಸದಲ್ಲ. ಹಳೇ ಮೈಸೂರು ಸೀಮೆಯ ಯಾವ ಮನೆಯಲ್ಲಿ ಕೇಳಿದರೂ ಅದನ್ನ ಬಸ್ಸಾರು ಅಂತಾರೆ.

ಬಸ್ಸಾರಿನ ಲೆಕ್ಕಾಚಾರ

ಬಸ್ಸಾರನ್ನ ಒಬ್ಬ ತೋಟಗಾರಿಕೆ ಓದಿದವನ ಕಣ್ಣಿಂದ ನೋಡಿ. ಎರಡು ಕಟ್ಟು ಸೊಪ್ಪು, ಒಂದು ಬಟ್ಟಲು ಕಾಳು ಅಥವಾ ತೊಗರಿಬೇಳೆ, ಧಾರಾಳವಾಗಿ ನೀರು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಬೀಳುತ್ತೆ. ಬೆಂದ ಮೇಲೆ ನೀರು ಬಸಿದರೆ ಅದು ಕಟ್ಟು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಧನಿಯಾ, ತೆಂಗಿನಕಾಯಿ, ಹುಣಸೆಹಣ್ಣು ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆ, ಒಂದೇ ಸೌದೆ, ಮುದ್ದೆಗೆ ಸಾರೂ ಆಯ್ತು, ನೆಂಚಿಕೊಳ್ಳೋಕೂ ಆಯ್ತು.

ಇದರಲ್ಲೊಂದು ಸಣ್ಣ ಸೂಕ್ಷ್ಮ ಇದೆ. ಮಸಾಲೆ ರುಬ್ಬೋವಾಗ ಬೆಂದ ಸೊಪ್ಪು-ಕಾಳಲ್ಲಿ ಒಂದು ಸೌಟು ತೆಗೆದು ಒರಳಿಗೆ ಹಾಕ್ತಾರೆ. ಸಾರು ಗಟ್ಟಿಯಾಗೋದು ಅದರಿಂದ. ಹೋಟೆಲುಗಳಲ್ಲಿ ಸೂಪು ಗಟ್ಟಿ ಮಾಡೋಕೆ ಕಾರ್ನ್ ಫ್ಲೋರ್ ಕಲಸುತ್ತಾರಲ್ಲ, ಆ ಕೆಲಸವನ್ನ ಇಲ್ಲಿ ಉಳಿದ ತರಕಾರಿಯೇ ಮಾಡುತ್ತೆ. ನೀವು ಮನೆಯಲ್ಲಿ ಸೂಪು ಮಾಡ್ತಿದ್ದರೂ ಇದನ್ನೇ ಮಾಡಿ. ಸೋಸಿದ ಕ್ಯಾರೆಟ್, ಕುಂಬಳಕಾಯಿ, ಬೇಳೆ ಸ್ವಲ್ಪ ನುಣ್ಣಗೆ ರುಬ್ಬಿ ವಾಪಸ್ ಸೇರಿಸಿ. ಹಿಟ್ಟಿನ ಅಗತ್ಯವೇ ಇರಲ್ಲ.

ಉಪ್ಸಾರಿನಲ್ಲೂ ಹೀಗೇ ಬಸಿಯೋದು, ಖಾರ ಮಾತ್ರ ಬೇರೆ ರುಬ್ಬಿ ಪಕ್ಕದಲ್ಲಿಟ್ಟುಕೊಳ್ಳೋದು. ಮಸ್ಸೊಪ್ಪಿನಲ್ಲಿ ಬಸಿದು ಬೇರೆ ಮಾಡೋ ಗೋಜೇ ಇಲ್ಲ, ಎಲ್ಲ ಮಸೆದು ಒಂದೇ ಮಾಡೋದು. ಹಬ್ಬದ ದಿನ ಲೆಕ್ಕ ತಿರುಗಾಮುರುಗಾ ಆಗುತ್ತೆ. ಒಬ್ಬಟ್ಟಿಗೆ ಬೇಯಿಸಿದ ಬೇಳೆಯೇ ಮುಖ್ಯ, ಅದು ಹೂರಣಕ್ಕೆ ಹೋಗುತ್ತೆ. ಬಸಿದ ನೀರು ಉಳಿಕೆ. ಆ ಉಳಿಕೆಯಿಂದ ಒಬ್ಬಟ್ಟಿನ ಸಾರು. ಉತ್ತರ ಕರ್ನಾಟಕದ ಕಡೆ ಅದನ್ನೇ ಕಟ್ಟಿನ ಸಾರು ಅಂತಾರೆ, ಅಲ್ಲಿ ಕಡಲೆಬೇಳೆ, ನಮ್ಮ ಕಡೆ ಹೆಚ್ಚಾಗಿ ತೊಗರಿಬೇಳೆ. ಮಾರನೇ ದಿನ ಆ ಸಾರಿನ ರುಚಿಯೇ ಬೇರೆ, ಒಬ್ಬಟ್ಟಿಗಿಂತ ಸಾರಿಗೇ ಕಾಯೋ ಜನ ನನಗೆ ಗೊತ್ತು. ನಾನೂ ಅವರಲ್ಲೊಬ್ಬ.

ನೀರಿಗೆ ಹೋಗಿದ್ದೇನು, ತರಕಾರೀಲಿ ಉಳಿದಿದ್ದೇನು

"ಸತ್ವ ಎಲ್ಲ ನೀರಿಗೆ ಹೋಯ್ತು, ಉಳಿದಿದ್ದು ಬರೀ ನಾರು" ಅಂತ ಕೆಲವರು. "ನೀರು ಚೆಲ್ಲಿ, ತರಕಾರಿ ತಿನ್ನಿ" ಅಂತ ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲ.

ನೀರಲ್ಲಿ ಕರಗೋ ಪೋಷಕಾಂಶಗಳು, ಅಂದರೆ ಸಿ ವಿಟಮಿನ್, ಫೋಲೇಟ್ ಸೇರಿದಂತೆ ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂ, ಇವುಗಳಲ್ಲಿ ಒಂದು ಪಾಲು ಕಟ್ಟಿಗೆ ಇಳಿಯುತ್ತೆ. ಸಿ ವಿಟಮಿನ್ ಒಂದಷ್ಟು ಶಾಖಕ್ಕೇ ಹಾಳಾಗುತ್ತೆ, ಅದು ಎರಡು ಕಡೆಯೂ ಸಿಗಲ್ಲ. ನೀರಲ್ಲಿ ಕರಗದ ಕ್ಯಾರೋಟಿನ್, ಅಂದರೆ ಸೊಪ್ಪು, ಕ್ಯಾರೆಟ್, ಕುಂಬಳಕಾಯಿಯಲ್ಲಿರೋ ಎ ವಿಟಮಿನ್‌ನ ಮೂಲ, ತರಕಾರಿಯಲ್ಲೇ ಉಳಿಯುತ್ತೆ. ನಾರಿನಂಶವೂ ಹೆಚ್ಚಿನ ಪಾಲು ಅಲ್ಲೇ. ಕಾಳಿನ ಪ್ರೋಟೀನ್‌ನ ದೊಡ್ಡ ಭಾಗವೂ ಕಾಳಲ್ಲೇ. ಹಾಗಾಗಿ ಉಳಿದ ಕಾಳು-ಸೊಪ್ಪು ಎಸೆಯೋದು ಅಂದರೆ ಊಟದ ಅರ್ಧಕ್ಕಿಂತ ಹೆಚ್ಚು ಎಸೆದ ಹಾಗೆ. ಕ್ಯಾರೋಟಿನ್ ಮೈಗೆ ಹತ್ತೋಕೆ ಸ್ವಲ್ಪ ಎಣ್ಣೆ ಬೇಕು, ಪಲ್ಯದ ಒಗ್ಗರಣೆ ಬರೀ ಘಮಕ್ಕಲ್ಲ.

ದಂಟಿನ ಸೊಪ್ಪು, ಪಾಲಕ್, ಬೀಟ್‌ರೂಟ್ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ ಇರುತ್ತೆ. ಕುದಿಸಿ ಬಸಿದಾಗ ಅದರಲ್ಲಿ ಕರಗೋ ಭಾಗ ನೀರಿಗೆ ಇಳಿಯುತ್ತೆ. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದರೆ ಅವರಿಗೆ ಈ ಸೊಪ್ಪುಗಳ ಕಟ್ಟಿಗಿಂತ ಬಸಿದ ಪಲ್ಯವೇ ವಾಸಿ. ಕಿಡ್ನಿ ಕಾಯಿಲೆಯಿಂದ ಪೊಟ್ಯಾಸಿಯಂ ಕಮ್ಮಿ ಮಾಡಿ ಅಂತ ಡಾಕ್ಟ್ರು ಹೇಳಿರೋರಿಗೂ ಸ್ಟಾಕ್, ಕಟ್ಟು ಕೊಡೋ ಮುಂಚೆ ಆ ಡಾಕ್ಟ್ರನ್ನೇ ಕೇಳಿ. ಆರೋಗ್ಯಕ್ಕೆ ಒಳ್ಳೇದು ಅಂತ ಲೋಟಗಟ್ಟಲೆ ಕುಡಿಸಬೇಡಿ.

ಸೊಪ್ಪು ಹಸಿರಾಗಿರಲಿ ಅಂತ ಅಡುಗೆ ಸೋಡಾ ಹಾಕೋ ಅಭ್ಯಾಸ ಕೆಲವರಿಗಿದೆ. ಅದು ಬಿ-1 ವಿಟಮಿನ್ ಹಾಳು ಮಾಡುತ್ತೆ, ಸೊಪ್ಪನ್ನೂ ಲೋಳೆ ಮಾಡುತ್ತೆ. ಸೋಡಾ ಬದಲು ಮೊದಲ ಕೆಲವು ನಿಮಿಷ ಮುಚ್ಚಳ ತೆಗೆದು ಕುದಿಸಿ, ಬಣ್ಣ ನಿಲ್ಲುತ್ತೆ. ಹುಣಸೆ, ಟೊಮ್ಯಾಟೊ ಕೊನೆಗೆ. ಹುಳಿ ಮೊದಲೇ ಬಿದ್ದರೆ ಕಾಳು ಬೇಗ ಮೆತ್ತಗಾಗಲ್ಲ, ಸೊಪ್ಪಿನ ಬಣ್ಣವೂ ಮಾಸುತ್ತೆ.

ಪಾತ್ರೆ ಒಲೆ ಮೇಲಿಡೋ ಮೊದಲೇ ಯೋಚಿಸಿ

ಉಳಿದಿದ್ದನ್ನ ಏನು ಮಾಡೋದು ಅನ್ನೋ ಪ್ರಶ್ನೆಗೆ ಉತ್ತರ ಸೋಸಿದ ಮೇಲೆ ಹುಡುಕಿದರೆ ಸಿಗಲ್ಲ. ಕುದಿಸೋ ಮೊದಲೇ ಮೂರು ನಿರ್ಧಾರ ಮಾಡಿಬಿಡಿ.

ಮೊದಲನೇದು, ತಿನ್ನೋದು ಮತ್ತು ತಿನ್ನದೇ ಇರೋದು ಬೇರೆ ಬೇರೆ ಇರಲಿ. ಕ್ಯಾರೆಟ್ ತುಂಡು, ಹುರುಳಿಕಾಯಿ, ನವಿಲುಕೋಸು, ಎಲೆಕೋಸು, ಕುಂಬಳಕಾಯಿ, ಕಾಳು, ಸೊಪ್ಪು ಇವೆಲ್ಲ ತಿನ್ನೋವು. ಹುರುಳಿಕಾಯಿಯ ನಾರು, ಹೂಕೋಸಿನ ಗಟ್ಟಿ ದಂಟು, ಕೊತ್ತಂಬರಿ ಬೇರು, ಈರುಳ್ಳಿಯ ಹೊರಪದರ, ಬೆಳ್ಳುಳ್ಳಿ ಸಿಪ್ಪೆ, ಮೆಕ್ಕೆಜೋಳದ ತೆನೆಯ ದಿಂಡು ಇವು ರುಚಿ ಕೊಡುತ್ತವೆ, ಬಾಯಿಗೆ ಆಗಲ್ಲ. ಇವನ್ನ ತೆಳು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಗೆ ಇಳಿಬಿಡಿ. ಕೊನೆಗೆ ಗಂಟು ಎತ್ತಿ ಹಿಂಡಿದರೆ ಮುಗೀತು. ಇಲ್ಲದಿದ್ದರೆ ಬೆಂದ ಕ್ಯಾರೆಟ್ ನಡುವೆ ಈರುಳ್ಳಿ ಸಿಪ್ಪೆ ಆರಿಸ್ತಾ ಕೂರಬೇಕು. ಆ ತಾಳ್ಮೆ ಯಾರಿಗೂ ಇರಲ್ಲ, ಕಡೆಗೆ ಎಲ್ಲ ಒಟ್ಟಿಗೆ ತಿಪ್ಪೆಗೆ ಹೋಗುತ್ತೆ.

ಎರಡನೇದು, ಹೊತ್ತು. ಒಂದು ಕೆಜಿ ತರಕಾರಿಗೆ ಎರಡು ಲೀಟರ್ ನೀರು, ಸಣ್ಣ ಉರಿಯಲ್ಲಿ 40 ನಿಮಿಷ ಸಾಕು. ಸುಮಾರು ಒಂದೂವರೆ ಲೀಟರ್ ಸ್ಟಾಕ್ ಸಿಗುತ್ತೆ. ಎರಡು ಮೂರು ಗಂಟೆ ಕುದಿಸಬೇಕು ಅನ್ನೋದು ಮೂಳೆ ಸೂಪಿನ ಲೆಕ್ಕ, ತರಕಾರಿಗೆ ಅಲ್ಲ. ತಿನ್ನೋ ತುಂಡುಗಳನ್ನ 20 ನಿಮಿಷಕ್ಕೇ ಜಾಲರಿ ಸೌಟಿನಲ್ಲಿ ತೆಗೆದುಬಿಡಿ, ಗಂಟು ಪೂರ್ತಿ ಹೊತ್ತು ಕುದಿಯಲಿ. ತುಂಡಲ್ಲಿ ಇನ್ನೂ ಸ್ವಲ್ಪ ಬಿಗಿ ಇರುತ್ತೆ, ಪಲ್ಯಕ್ಕೆ ಬರುತ್ತೆ. ಎಲೆಕೋಸು, ಹೂಕೋಸು, ಮೂಲಂಗಿ ಕೊನೆಯ 15 ನಿಮಿಷಕ್ಕೆ ಮಾತ್ರ. ಜಾಸ್ತಿ ಕುದ್ದರೆ ಗಂಧಕದ ವಾಸನೆ ಬಂದು ಸ್ಟಾಕ್ ಪೂರ್ತಿ ಕೆಡುತ್ತೆ.

ಮೂರನೇದು ಎಲ್ಲಕ್ಕಿಂತ ಮುಖ್ಯ: ಕುದಿಯೋವಾಗ ಉಪ್ಪು ಹಾಕಬೇಡಿ. ಉಪ್ಪಿಲ್ಲದ ಬೆಂದ ತರಕಾರಿಯನ್ನ ಮನುಷ್ಯರಿಗೆ, ಕೋಳಿಗೆ, ಹಸುವಿಗೆ, ಎರೆಹುಳಕ್ಕೆ ಹೇಗೆ ಬೇಕಾದರೂ ಹಂಚಬಹುದು. ಉಪ್ಪು ಬಿದ್ದ ಕೂಡಲೇ ಅದು ಮನುಷ್ಯರಿಗೆ ಮಾತ್ರ. ಸೋಸಿ, ಪಾಲು ಮಾಡಿದ ಮೇಲೆ ಸಾರಿಗೆ ಬೇರೆ, ಪಲ್ಯಕ್ಕೆ ಬೇರೆ ಉಪ್ಪು ಹಾಕಿಕೊಳ್ಳಿ. ನಮ್ಮವ್ವ ಇದಕ್ಕೆ ಇನ್ನೂ ಒಪ್ಪಿಲ್ಲ. "ಬೇಯೋವಾಗ ಉಪ್ಪು ಬೀಳ್ದಿದ್ರೆ ಕಾಳಿಗೆ ಉಪ್ಪು ಎಲ್ಲಿ ಹಿಡೀತದ್ಲಾ?" ಅಂತಾಳೆ. ರುಚಿಯ ಮಟ್ಟಿಗೆ ಅವಳ ಮಾತು ಸರಿ. ಮನೆಮಂದಿಗಷ್ಟೇ ಮಾಡೋ ದಿನ ಅವಳ ಪ್ರಕಾರವೇ ನಡೆಯುತ್ತೆ. ಕೊಯ್ಲಿನ ದಿನ ದೊಡ್ಡ ಪಾತ್ರೆ ಇಟ್ಟಾಗ ಮಾತ್ರ ನನ್ನ ಪ್ರಕಾರ.

ಪಾತ್ರೆಗೆ ಹಾಕಲೇಬಾರದ ಎರಡು ಮಾಲು ಇವೆ. ಹಸಿರು ತಿರುಗಿದ ಆಲೂಗಡ್ಡೆ ಮತ್ತು ಮೊಳಕೆ ಬಂದ ಅದರ ಕಣ್ಣುಗಳು ಒಂದು. ಅದರಲ್ಲಿರೋ ಸೋಲನಿನ್ ಕುದಿಸಿದರೆ ಹೋಗಲ್ಲ. ಕಹಿ ಸೋರೆಕಾಯಿ, ಕಹಿ ಹೀರೆಕಾಯಿ, ಕಹಿ ಸೌತೆಕಾಯಿ ಇನ್ನೊಂದು. ಇವನ್ನ ಹೆಚ್ಚೋವಾಗಲೇ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ ಉಗುಳಿ. ಕಹಿ ಇದ್ದರೆ ಇಡೀ ಕಾಯಿ ಎಸೀರಿ, ಕಹಿ ಸೋರೆಕಾಯಿ ರಸ ಕುಡಿದು ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ಹಾಗಲಕಾಯಿಯ ಕಹಿ ಬೇರೆ, ಅದು ವಿಷ ಅಲ್ಲ, ಆದರೆ ಸ್ಟಾಕಿಗೆ ಬೇಡ. ಬೀಟ್‌ರೂಟ್ ಹಾಕಿದರೆ ಎಲ್ಲವೂ ಕೆಂಪಾಗುತ್ತೆ ಅಷ್ಟೇ.

ಅಡುಗೆ ಮನೆ ಪಾಲು

ಬಸಿದ ತರಕಾರಿ ಸಪ್ಪೆ. ಉಪ್ಪಿಲ್ಲ, ಸಿಹಿ-ಖಾರದ ಅಂಶ ಎಲ್ಲ ನೀರಿಗೆ ಹೋಗಿರುತ್ತೆ, ಜೊತೆಗೆ ಒದ್ದೆ. ಸಪ್ಪೆಗೆ ಹುಳಿ, ಖಾರ, ಎಣ್ಣೆ ಕೊಡಬೇಕು, ಒದ್ದೆಗೆ ಬಿಸಿ ಬಾಣಲೆ. ಬಹಳ ಜನ ಒಗ್ಗರಣೆಗೆ ನೇರವಾಗಿ ಒದ್ದೆ ತರಕಾರಿ ಸುರೀತಾರೆ, ಅದು ಬೇಯುತ್ತೆ, ಹುರಿಯಲ್ಲ, ಹಿಟ್ಟು ಹಿಟ್ಟಾಗುತ್ತೆ. ಜಾಲರಿಯಲ್ಲಿ ಹತ್ತು ನಿಮಿಷ ಬಿಟ್ಟು, ಸೊಪ್ಪಾದರೆ ಕೈಯಲ್ಲಿ ಹಿಂಡಿ, ಆಮೇಲೆ ಜೋರು ಉರಿಯಲ್ಲಿ ಹುರಿಯಿರಿ. ಹಿಂಡಿದ ನೀರು ವಾಪಸ್ ಕಟ್ಟಿಗೆ.

ಪಲ್ಯ ಎಲ್ಲರಿಗೂ ಗೊತ್ತಿರೋದೇ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಈರುಳ್ಳಿ, ಕಾಯಿತುರಿ. ಹುರುಳಿಕಾಳು ಬೇಯಿಸಿ ಕಟ್ಟು ತೆಗೆದಿದ್ದರೆ ಉಳಿದ ಕಾಳಿಗೆ ಹಸಿಮೆಣಸಿನಕಾಯಿ, ನಿಂಬೆಹಣ್ಣು ಹಾಕಿ ಉಸಲಿ ಮಾಡಿ. ಹುರುಳಿ ರಾತ್ರಿ ಇಡೀ ನೆನೆದಿರಲಿ. ಕಾಲು ಕೆಜಿ ಕಾಳಿಗೆ ಒಂದೂವರೆ ಲೀಟರ್ ನೀರಿಟ್ಟರೆ ಸಾರಿಗೂ ಸಾಕು, ಕೊಯ್ಲಿಗೆ ಬಂದ ನಾಲ್ಕೈದು ಜನಕ್ಕೆ ಬೆಳಗಿನ ಉಸಲಿಗೂ ಸಾಕು.

ನನಗೆ ಹೆಚ್ಚು ಇಷ್ಟ ರೊಟ್ಟಿ. ಬೆಂದ ತರಕಾರಿ, ಸೊಪ್ಪು ಏನಿದ್ದರೂ ಹಿಂಡಿ ಮಸೆದು, ಒಂದು ಲೋಟಕ್ಕೆ ಎರಡು ಲೋಟ ರಾಗಿಹಿಟ್ಟು ಅಥವಾ ಅಕ್ಕಿಹಿಟ್ಟು ಸೇರಿಸಿ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು, ಜೀರಿಗೆ, ಉಪ್ಪು. ಮೊದಲು ನೀರು ಹಾಕದೆ ಕಲಸಿ ನೋಡಿ, ತರಕಾರಿಯ ನೀರೇ ಮುಕ್ಕಾಲು ಸಾಕಾಗುತ್ತೆ. ಆಮೇಲೆ ಬೇಕಾದರೆ ಚಿಮುಕಿಸಿಕೊಳ್ಳಿ. ಬಾಳೆ ಎಲೆ ಮೇಲೆ ತಟ್ಟಿ ಕಾವಲಿಗೆ ಹಾಕಿ. ಬೆಂದ ತರಕಾರಿ ಹಾಕಿದ ರೊಟ್ಟಿ ಆರಿದ ಮೇಲೂ ಮೆತ್ತಗಿರುತ್ತೆ, ಹೊಲಕ್ಕೆ ಬುತ್ತಿ ಕಟ್ಟೋರಿಗೆ ಅನುಕೂಲ.

ಕ್ಯಾರೆಟ್, ನವಿಲುಕೋಸು, ಸೋರೆ, ಕುಂಬಳ ಉಳಿದಿದ್ದರೆ ಮಸೆದು ಗಟ್ಟಿ ಮೊಸರಿಗೆ ಹಾಕಿ, ಸಾಸಿವೆ-ಇಂಗು ಒಗ್ಗರಣೆ ಕೊಟ್ಟರೆ ಮೊಸರು ಬಜ್ಜಿ. ಐದು ನಿಮಿಷದ ಕೆಲಸ. ಎಲೆಕೋಸು, ಹೀರೆಕಾಯಿ ಸಿಪ್ಪೆ ಉಳಿದಿದ್ದರೆ ಚಟ್ನಿ: ಒಂದು ಚಮಚ ಉದ್ದಿನಬೇಳೆ, ಐದಾರು ಒಣಮೆಣಸಿನಕಾಯಿ ಹುರಿದು ತೆಗೆದಿಟ್ಟು, ಅದೇ ಬಾಣಲೆಯಲ್ಲಿ ತರಕಾರಿಯ ನೀರು ಪೂರ್ತಿ ಆರೋವರೆಗೆ ಹುರಿದು, ಹುಣಸೆಹಣ್ಣು, ಕಾಯಿ, ಉಪ್ಪಿನ ಜೊತೆ ರುಬ್ಬಿ. ಸಂಜೆಗೆ ಕಾವಲಿ ಮೇಲೆ ವಡೆ ಮಾಡೋದಾದರೆ ಎರಡು ಬಟ್ಟಲು ಹಿಂಡಿದ ತರಕಾರಿಗೆ ಅರ್ಧ ಬಟ್ಟಲು ಹುರಿಗಡಲೆ ಪುಡಿ, ಕಾಲು ಬಟ್ಟಲು ಅಕ್ಕಿಹಿಟ್ಟು. ಒಡೆಯುತ್ತಿದ್ದರೆ ಹುರಿಗಡಲೆ ಪುಡಿ ಇನ್ನಷ್ಟು. ಎಣ್ಣೆಯಲ್ಲಿ ಮುಳುಗಿಸಬೇಡಿ, ಒದ್ದೆ ಮಾಲು, ಎಣ್ಣೆ ಹೀರುತ್ತೆ, ಸಿಡಿಯುತ್ತೆ.

ಇಟ್ಟುಕೊಳ್ಳೋ ವಿಚಾರ. ಬಸಿದ ಕಾಳು, ತರಕಾರಿ ಬಹಳ ಬೇಗ ಕೆಡೋ ಮಾಲು. ಒದ್ದೆ, ಬೆಚ್ಚಗೆ, ಉಪ್ಪಿಲ್ಲ, ಹುಳಿಯಿಲ್ಲ, ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಫ್ರಿಜ್ ಇದ್ದರೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಒಳಗಿಡಿ, ಮೂರು ದಿನದೊಳಗೆ ಮುಗಿಸಿ, ತಿನ್ನೋ ಮೊದಲು ಹಬೆಯಾಡೋ ಹಾಗೆ ಬಿಸಿ ಮಾಡಿ. ಫ್ರಿಜ್ ಇಲ್ಲದಿದ್ದರೆ ಆ ಹೊತ್ತಿನ ಊಟಕ್ಕೇ ಮುಗಿಸಿ. ಸಾರನ್ನ ಎರಡು ಹೊತ್ತು ಕುದಿಸಿ ಇಡ್ತೀವಲ್ಲ, ಹಾಗೇ ಇದನ್ನೂ ಬಿಸಿ ಮಾಡಿದರಾಯ್ತು ಅನ್ಕೋಬೇಡಿ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗಲ್ಲ. ಲೋಳೆ ಬಂದಿದ್ದರೆ, ಹುಳಿ ವಾಸನೆ ಇದ್ದರೆ ತಿಪ್ಪೆಗೆ. ಕೂಲಿಯವರಿಗೆ ಅಂತೂ ನಿನ್ನೆಯದನ್ನ ಹಾಕಬೇಡಿ. ನಮ್ಮ ತೋಟದಲ್ಲಿ ದುಡಿಯೋಕೆ ಬಂದವರ ಹೊಟ್ಟೆ ಕೆಟ್ಟರೆ ಆ ದಿನದ ಕೂಲಿ ಅವರಿಗೆ ಹೋಯ್ತು, ಕೊಯ್ಲು ನಮಗೆ ಹೋಯ್ತು.

ಕೊಟ್ಟಿಗೆ ಪಾಲು: ಇಲ್ಲಿ ಎಚ್ಚರ

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ. ಹಸುವಿಗೆ ಬೆಂದ ತರಕಾರಿ ಹಾಕಬಹುದಾ?

ಉಪ್ಪಿಲ್ಲದ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ, ಆರಿದ ಕ್ಯಾರೆಟ್, ಕೋಸು, ಕುಂಬಳ, ಹುರುಳಿಕಾಯಿ, ಸೊಪ್ಪು ಸ್ವಲ್ಪ ಪ್ರಮಾಣದಲ್ಲಿ ಹಾಕಬಹುದು. ಬೇಯಿಸಿದ ಹುರುಳಿಯಂತೂ ಎತ್ತುಗಳಿಗೆ ಹಿಂದಿನಿಂದ ಕೊಟ್ಟುಕೊಂಡು ಬಂದಿರೋದೇ. ನಾನು ಒಂದು ಹಸುವಿಗೆ ಅರ್ಧ ಕೆಜಿಯಷ್ಟು, ಬೂಸಾ ಜೊತೆ ಕಲಸಿ ಕೊಡ್ತೀನಿ, ಅದಕ್ಕಿಂತ ಹೆಚ್ಚಿಲ್ಲ. ಒಣಹುಲ್ಲು, ಹಸಿಹುಲ್ಲು ಎಂದಿನ ಹಾಗೇ ಇರಲೇಬೇಕು.

ಈರುಳ್ಳಿ ವಿಚಾರ ಬೇರೆ. ಅದರಲ್ಲಿರೋ ಗಂಧಕದ ಸಂಯುಕ್ತಗಳು ರಕ್ತದ ಕೆಂಪು ಕಣಗಳನ್ನ ಒಡೆಯುತ್ತವೆ. ಹಸು-ಎಮ್ಮೆಗೆ ಇದರ ಪೆಟ್ಟು ಜಾಸ್ತಿ, ಕುರಿ-ಮೇಕೆ ಸ್ವಲ್ಪ ತಡೆದುಕೊಳ್ಳುತ್ತವೆ. ಬೇಯಿಸಿದರೆ ಆ ಗುಣ ಹೋಗಲ್ಲ. ಸಾರಿನಲ್ಲಿದ್ದ ಎರಡು ಚೂರಿಗೆ ಏನೂ ಆಗಲ್ಲ, ನಿಜ. ಆದರೆ ಈರುಳ್ಳಿ ಬೆಲೆ ಬಿದ್ದ ವರ್ಷ ಮೂಟೆಗಟ್ಟಲೆ ಕೊಳೆತದ್ದನ್ನ ಕೊಟ್ಟಿಗೆ ಮುಂದೆ ಸುರಿಯೋದನ್ನ ನೋಡಿದ್ದೀನಿ. ಹೀಗೆ ನಾಲ್ಕೈದು ದಿನ ತಿಂದ ಹಸುವಿನ ಮೂತ್ರ ಕೆಂಪಗೆ ಅಥವಾ ಕಂದಾಗುತ್ತೆ, ಒಸಡು ಬಿಳಿಚಿಕೊಳ್ಳುತ್ತೆ, ನಿಲ್ಲೋಕೂ ನಿಶ್ಶಕ್ತಿ, ಹಾಲಲ್ಲಿ ಈರುಳ್ಳಿ ವಾಸನೆ. ಅದನ್ನ ಕಂಡರೆ ಕಾಯಬೇಡಿ, ಡಾಕ್ಟ್ರನ್ನ ಕರೆಸಿ. ಮನೆ ನಾಯಿ, ಬೆಕ್ಕಿಗೂ ಈರುಳ್ಳಿ-ಬೆಳ್ಳುಳ್ಳಿ ಬೆಂದ ತರಕಾರಿ ಬೇಡ, ಅವುಗಳಿಗೆ ಇನ್ನೂ ಕಮ್ಮಿ ಪ್ರಮಾಣಕ್ಕೇ ತೊಂದರೆ ಆಗುತ್ತೆ.

ಇದಕ್ಕಿಂತ ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಆಗೋ ಅನಾಹುತ ಅನ್ನ, ಮುದ್ದೆ, ಒಬ್ಬಟ್ಟಿನದು. ನಮ್ಮ ಪಕ್ಕದೂರಿನ ಒಬ್ಬರ ಮನೆಯಲ್ಲಿ ಮದುವೆ ಮಾರನೇ ದಿನ ಉಳಿದ ಅನ್ನ, ಬೆಂದ ಕಾಳು, ತರಕಾರಿ ಎಲ್ಲ ಒಂದೇ ಬಾನಿಗೆ ಸುರಿದು ಹಸುವಿನ ಮುಂದಿಟ್ಟರು. ಎಸೆಯೋದು ಪಾಪ, ಗೋಮಾತೆ ತಿನ್ನಲಿ ಅನ್ನೋದು ಅವರ ಮನಸ್ಸು. ಹಸು ಗಬಗಬ ತಿಂತು. ರಾತ್ರಿಗೆ ಮೆಲುಕು ನಿಂತಿತ್ತು. ಬೆಳಗ್ಗೆ ಎಡಭಾಗದ ಹೊಟ್ಟೆ ಉಬ್ಬಿ, ಹುಳಿ ವಾಸನೆಯ ನೀರು ಸಗಣಿ ಹಾಕ್ತಾ ಮಲಗಿಬಿಟ್ಟಿತ್ತು. ಡಾಕ್ಟ್ರು ಬರೋ ಹೊತ್ತಿಗೆ ತಡವಾಗಿತ್ತು. ಎರಡನೇ ಕರುವಿನ ಹಸು, ಆ ಮನೆಯ ದಿನದ ಖರ್ಚು ಅದರ ಹಾಲಿನಿಂದಲೇ ನಡೀತಿತ್ತು.

ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲಿ ಹುಲ್ಲು ಅರಗಿಸೋ ಸೂಕ್ಷ್ಮಜೀವಿಗಳಿರುತ್ತವೆ. ಅಭ್ಯಾಸವಿಲ್ಲದೆ ಒಂದೇ ಸಲ ಬೆಂದ ಪಿಷ್ಟ ಬಿದ್ದರೆ ಆಮ್ಲ ಮಾಡೋ ಬ್ಯಾಕ್ಟೀರಿಯಾ ಮೇಲುಗೈ ಆಗಿ, ಒಳಗೆಲ್ಲ ಹುಳಿಯಾಗಿ, ಆ ಆಮ್ಲ ರಕ್ತಕ್ಕೂ ಸೇರುತ್ತೆ. ಹಾಗಾಗಿ ಆಲೂಗಡ್ಡೆ, ಗೆಣಸು, ಮೆಕ್ಕೆಜೋಳದ ಕಾಳು, ಅನ್ನ ಸೇರಿದ ಬೆಂದ ಉಳಿಕೆಯನ್ನ ಬಾನಿಗಟ್ಟಲೆ ಇಡಬಾರದು. ತಿಂದು ಮೆಲುಕು ನಿಲ್ಲಿಸಿದೆ, ಮೇವು ಮುಟ್ಟುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕೂರಬೇಡಿ. ಕರ್ನಾಟಕದಲ್ಲಿ ಪಶು ಸಂಜೀವಿನಿ ಸಹಾಯವಾಣಿ 1962 ಇದೆ. ಈಗಲೇ ಮೊಬೈಲಲ್ಲಿ ಉಳಿಸಿಕೊಳ್ಳಿ. ನಿಮ್ಮೂರಿನ ಪಶುವೈದ್ಯರ ನಂಬರೂ ಅದರ ಪಕ್ಕದಲ್ಲೇ ಇರಲಿ. ಡಾಕ್ಟ್ರಿಗೆ ಏನು ತಿಂತು, ಎಷ್ಟು ತಿಂತು, ಎಷ್ಟು ಹೊತ್ತಿಗೆ ತಿಂತು ಅಂತ ಮುಚ್ಚಿಡದೆ ಹೇಳಿ.

ಕೋಳಿಗಳಿಗೆ ಈ ರಗಳೆ ಕಡಿಮೆ. ಉಪ್ಪಿಲ್ಲದ ಬೆಂದ ಸೊಪ್ಪು, ಕುಂಬಳ, ಕ್ಯಾರೆಟ್ ಸಣ್ಣಗೆ ಮಾಡಿ ಹಾಕಿದರೆ ತಿಂತಾವೆ. ಅರ್ಧ ಗಂಟೆಯಲ್ಲಿ ತಿಂದು ಮುಗಿಸೋ ಅಷ್ಟೇ ಹಾಕಿ, ಉಳಿದದ್ದು ತೆಗೆದುಬಿಡಿ. ಇಲ್ಲದಿದ್ದರೆ ನೊಣ, ಇಲಿ ಎರಡೂ ಬರುತ್ತೆ.

ಗೊಬ್ಬರದ ಪಾಲು

ಬಟ್ಟೆಯ ಗಂಟಿನಲ್ಲಿದ್ದದ್ದು, ಹಳಸಿದ್ದು, ಯಾರಿಗೂ ಬೇಡವಾಗಿದ್ದು ಮಾತ್ರ ಇಲ್ಲಿಗೆ ಬರಬೇಕು.

ಬೆಂದ ತರಕಾರಿ ಗೊಬ್ಬರದ ಗುಂಡಿಯಲ್ಲಿ ಹಸಿ ತರಕಾರಿಯಂತೆ ಇರಲ್ಲ. ಜೀವಕೋಶ ಒಡೆದಿರುತ್ತೆ, ನೀರು ಜಾಸ್ತಿ, ಒಂದರ ಮೇಲೊಂದು ಅಂಟಿ ಗಾಳಿ ಆಡದೆ ಕೊಳೆಯುತ್ತೆ. ಒಂದು ಬಕೆಟ್ ಬೆಂದ ಉಳಿಕೆಗೆ ಮೂರು ಬಕೆಟ್ ಒಣ ಎಲೆ, ರಾಗಿ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ. ರಾಶಿಯ ಮೇಲೆ ಸುರಿಯಬೇಡಿ, ನಡುವೆ ಗುಂಡಿ ತೋಡಿ ಹಾಕಿ ಮುಚ್ಚಿ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಕಾಡುಹಂದಿ ಕಾಟ ಇರೋ ಊರಾದರೆ ಬೇಲಿಯಿಲ್ಲದ ತಿಪ್ಪೆಗೆ ಬೆಂದದ್ದು ಹಾಕಲೇಬೇಡಿ, ವಾಸನೆ ಹಿಡಿದು ಬಂದವು ತಿಪ್ಪೆಯಲ್ಲಿ ನಿಲ್ಲಲ್ಲ, ಪಕ್ಕದ ಗೆಣಸಿನ ಮಡಿಗೂ ಹೋಗುತ್ತವೆ.

ಕುದಿಸಿದ್ದರಿಂದ ಒಂದು ಲಾಭವೂ ಇದೆ. ಹಸಿ ಅಡುಗೆ ತ್ಯಾಜ್ಯ ಹಾಕಿದ ಗೊಬ್ಬರದಲ್ಲಿ ಟೊಮ್ಯಾಟೊ, ಕುಂಬಳ ಸಸಿಗಳು ಎದ್ದು ಬರೋದನ್ನ ನೋಡಿರ್ತೀರಿ, ಬೆಂದದ್ದರಲ್ಲಿ ಬೀಜ ಸತ್ತಿರುತ್ತೆ. ಕೋಸಿನ ಕಪ್ಪು ಕೊಳೆ ರೋಗ ಬೆಳೆಯ ಉಳಿಕೆಯಲ್ಲೇ ಬದುಕಿ ಮುಂದಿನ ಬೆಳೆಗೆ ದಾಟುತ್ತೆ. ಅಂಥ ಹೊಲದ ಹೊರ ಎಲೆಗಳನ್ನ ಹಸಿಯಾಗಿ ಕೋಸಿನ ಮಡಿಯ ಗೊಬ್ಬರಕ್ಕೆ ಹಾಕೋದು ಅಪಾಯ. ಕುದ್ದ ಎಲೆಯಲ್ಲಿ ಆ ಭಯ ಇಲ್ಲ. ಹಾಗಂತ ರೋಗದ ಎಲೆ ಕುದಿಸೋಕೆ ಸೌದೆ ಸುಡಿ ಅಂತ ಹೇಳ್ತಿಲ್ಲ.

ಎರೆಹುಳದ ತೊಟ್ಟಿಗೆ ಇನ್ನೂ ಜೋಪಾನ. ಪೂರ್ತಿ ಆರಿರಬೇಕು, ಉಪ್ಪು ಇರಬಾರದು, ಹುಣಸೆ-ನಿಂಬೆ-ಈರುಳ್ಳಿ ಇರಬಾರದು. ತೊಟ್ಟಿಯ ಒಂದು ಮೂಲೆಯಲ್ಲಿ ಒಂದಿಂಚಿನಷ್ಟು ತೆಳುವಾಗಿ ಹರಡಿ, ಮೇಲೆ ಒಣ ಸಗಣಿ ಪುಡಿ ಉದುರಿಸಿ ಎರಡು ಮೂರು ದಿನ ನೋಡಿ. ಹುಳ ಅದರೊಳಗೆ ಬಂದಿದ್ದರೆ ಮತ್ತೆ ಹಾಕಿ. ದಪ್ಪಗೆ ಹಾಕಿದರೆ ಕೊಳೆಯೋ ಶಾಖಕ್ಕೆ ಹುಳ ಓಡುತ್ತವೆ ಅಥವಾ ಸಾಯುತ್ತವೆ. ಉಪ್ಪು ಬಿದ್ದ ಉಳಿಕೆಯನ್ನ ನೀರಲ್ಲಿ ನೆನೆಸಿ ಬಸಿದು, ದೊಡ್ಡ ತಿಪ್ಪೆಗೆ ಅಷ್ಟಷ್ಟೇ ಹಾಕಿ. ಸಣ್ಣ ತೊಟ್ಟಿಗೆ, ಕುಂಡಗಳಿಗೆ ಬೇಡ.

ಗೋಬರ್ ಗ್ಯಾಸ್ ಗುಂಡಿ ಇರೋರಿಗೆ ಚಿಂತೆಯೇ ಇಲ್ಲ. ಬೆಂದ ಉಳಿಕೆಯನ್ನ ಚೆನ್ನಾಗಿ ಕಿವುಚಿ ಸಗಣಿ ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ಬಿಡಿ. ಒಂದೇ ದಿನ ಬಕೆಟ್‌ಗಟ್ಟಲೆ ಸುರಿದರೆ ಗುಂಡಿಯೂ ಹಸುವಿನ ಹೊಟ್ಟೆಯ ಹಾಗೇ ಹುಳಿಯಾಗಿ ಗ್ಯಾಸ್ ನಿಲ್ಲುತ್ತೆ.

ಬೆಂದ ಕಾಳು ಉಳಿದಿದೆ, ಜೀವಾಮೃತಕ್ಕೆ ದ್ವಿದಳ ಧಾನ್ಯದ ಹಿಟ್ಟಿನ ಬದಲು ಹಾಕಬಹುದಾ ಅಂತಲೂ ಕೇಳ್ತಾರೆ. ನಾನು ಹಾಕಲ್ಲ. 200 ಲೀಟರ್ ಡ್ರಮ್ಮಿಗೆ ಎರಡು ಕೆಜಿ ಹಿಟ್ಟು ಅನ್ನೋದು ಅಳತೆಗೆ ಸಿಗೋ ಲೆಕ್ಕ. ನೀರು ಕುಡಿದು ಉಬ್ಬಿದ ಕಾಳಲ್ಲಿ ಎಷ್ಟು ಕಾಳು, ಎಷ್ಟು ನೀರು ಅಂತ ಹೇಳೋರು ಯಾರು? ಅಷ್ಟು ಕಾಳು ಉಳಿದಿದ್ದರೆ ನಾನು ಉಸಲಿ ಮಾಡಿಕೊಂಡು ತಿಂತೀನಿ.

ಅವರೆ ಕಾಲದಲ್ಲಿ ಸಬ್ಬಸಿಗೆ ಸೊಪ್ಪು-ಅವರೆಕಾಳಿನ ಬಸ್ಸಾರು ಮಾಡೋವಾಗ ಸೊನೆ ಚೆನ್ನಾಗಿರೋ ಕಾಯಿ ಆರಿಸಿ, ಕಾಳನ್ನ ಮುಕ್ಕಾಲು ಬೇಯಿಸಿದ ಮೇಲೆ ಸೊಪ್ಪು ಹಾಕಿ, ಸೊಪ್ಪು ಬಿದ್ದ ಏಳೆಂಟು ನಿಮಿಷಕ್ಕೆ ಬಸಿಯಿರಿ. ಸಬ್ಬಸಿಗೆ ಅದಕ್ಕಿಂತ ಹೆಚ್ಚು ಬೆಂದರೆ ಕಟ್ಟಿಗೆ ಘಮ ಹೋಗುತ್ತೆ, ಪಲ್ಯಕ್ಕೆ ಏನೂ ಉಳಿಯಲ್ಲ.